ಕಪಾಲಿಯ ಕುಂಬಳಕಾಯಿ

ಅನಂತಲಕ್ಷ್ಮಿಯ ತುಟಿಗಳು ಸದಾ ಅಲುಗುತ್ತಿದ್ದವು. ರಾಜಾಜಿನಗರದ ಹಾಲಿನ ಬೂತಿನ ಮುಂದೆ ಖಾಲಿ ಬಾಟಲಿಗಳ ಚೀಲ ಹಿಡಿದು ಸಾಲಿನಲ್ಲಿ ನಿಂತಾಗ, ಮಹಡಿಯ ಮೇಲೆ ಒದ್ದೆ ಬಟ್ಟೆ ಹರವುವಾಗ, ಮೊರದಲ್ಲಿ ಅಕ್ಕಿ ಕೇರುವಾಗ, ಆಕೆಯ ಕೆಳತುಟಿ ಮೇಲ್ತುಟಿಯನ್ನು ಮೆತ್ತಗೆ ತಟ್ಟುತ್ತಲೇ ಇರುತ್ತಿತ್ತು. ಎದುರು ಮನೆಯ ಜಯದೇವಿ ಅದನ್ನು ನಾಮಸ್ಮರಣೆ ಎಂದೇ ನಂಬಿ, "ನೋಡ್ರೀ, ಕೆಲಸದ ಮಧ್ಯೇನೂ ದೇವರನ್ನ ಬಿಡಲ್ಲ ಆಕೆ" ಎಂದು ತನ್ನ ಗಂಡನಿಗೆ ತೋರಿಸುತ್ತಿದ್ದಳು. ಅದು ನಾಮಸ್ಮರಣೆಯಾಗಿರಲಿಲ್ಲ. ಮಹಾಲಕ್ಷ್ಮಿ ಲೇಔಟಿನ ಕಡೆ ಆಗಿನ್ನೂ ಬೋಳುಬೋಳಾಗಿ ಬಿದ್ದಿದ್ದ ಬಂಡೆಗಳ ಸಂದಿಯಲ್ಲಿ, ಕಪ್ಪು ವಸ್ತ್ರ ಉಟ್ಟ ಗಂಡಸರ ನಡುವೆ ನಿಂತು, ಒಬ್ಬ ಮಾಂತ್ರಿಕ ಕತ್ತಿ ಎತ್ತುವ ಮೊದಲು ಆಡಬೇಕಾದ ಮಾತನ್ನು ಆಕೆ ನಾಲಿಗೆಯ ಮೇಲಿಟ್ಟು ತೂಗಿ ನೋಡುತ್ತಿದ್ದಳು.

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ತಿಂಗಳಿಗೊಂದರಂತೆ ಬರುತ್ತಿದ್ದ, ಮುಖಪುಟದ ಮೇಲೆ ತಲೆಬುರುಡೆಯೋ ಬಿಚ್ಚುಗೂದಲ ಹೆಣ್ಣೋ ಇರುತ್ತಿದ್ದ ತೆಳು ಭಯಾನಕ ಕಾದಂಬರಿಗಳನ್ನು ಆಕೆ ಬರೆಯುತ್ತಿದ್ದುದು 'ಕಪಾಲಿ' ಎಂಬ ಹೆಸರಿನಲ್ಲಿ. ಆ ಹೆಸರಿಟ್ಟವನು ಪ್ರಕಾಶಕ ಲಕ್ಷ್ಮೀಪತಿ. "ಹೆಂಗಸಿನ ಹೆಸರು ಹಾಕಿದ್ರೆ ಯಾರೂ ಹೆದರಲ್ಲಮ್ಮ" ಎಂದು ಅವನು ಹೇಳಿದಾಗ ಗಂಡ ಪುರುಷೋತ್ತಮ ಸಮಾಧಾನದ ಉಸಿರು ಬಿಟ್ಟಿದ್ದ. ತನ್ನ ಅಮ್ಮನಿಗೆ ಗೊತ್ತಾಗಬಾರದು ಎಂಬುದೊಂದೇ ಅವನ ಷರತ್ತು. ಅವನ ಕಾರ್ಖಾನೆಯ ಹಳೆಯ ಕೋಟನ್ನು ಸೀರೆಯ ಮೇಲೆ ತೊಟ್ಟು, ಬೆಳಗಿನ ನೀರು ಕಾಯುವಷ್ಟು ಹೊತ್ತು ಆಕೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದಳು. ಕೋಟಿನ ಒಂದು ಜೇಬಿನಲ್ಲಿ ಪೆನ್ಸಿಲು, ಇನ್ನೊಂದರಲ್ಲಿ ಬೆಂಕಿಪೊಟ್ಟಣ. ಒಲೆ ಕರೆದರೆ ವಾಕ್ಯ ಅಲ್ಲಿಗೇ ನಿಲ್ಲುತ್ತಿತ್ತು. ಉಳಿದ ಭಾಗ ತುಟಿಗೆ ಏರಿ, ಸಾರು ಕುದಿಯುವ ಹೊತ್ತಿಗೆ ಪೂರ್ತಿಯಾಗುತ್ತಿತ್ತು. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರು ಕಪಾಲಿಯ ಹಾಳೆಗಳಲ್ಲಿ ಇಂಗಿನ ವಾಸನೆ ಬರುತ್ತದೆಂದು ನಗುತ್ತಿದ್ದರಂತೆ.

ಆಕೆಗೊಂದು ಹಟವಿತ್ತು. ಯಾವ ಪಂಥದ ಕಥೆ ಬರೆದರೂ ಅದರ ಮನೆಗೆಲಸ ಮಾಡುವವರು ಯಾರೆಂದು ತಿಳಿಯದೆ ಮುಂದಿನ ಅಧ್ಯಾಯಕ್ಕೆ ಹೋಗುತ್ತಿರಲಿಲ್ಲ. "ಅಷ್ಟು ಜನ ಗಂಡಸರು ಕೆಂಗೇರಿ ಆಚೆ ಗುಹೇಲಿ ಕೂತು ಅಮಾವಾಸ್ಯೆಗೆ ಕಾಯ್ತಿದಾರೆ ಅಂತೀರಿ. ಅವರಿಗೆ ಅನ್ನ ಬೇಯಿಸಿ ಹಾಕೋರು ಯಾರು?" ಎಂದು ಲಕ್ಷ್ಮೀಪತಿಯನ್ನು ಕೇಳಿದ್ದಳು. ಅವನು, "ಮಾಂತ್ರಿಕರು ಊಟ ಮಾಡಲ್ಲಮ್ಮ" ಎಂದ. "ನಿಮ್ಮ ಮಾಂತ್ರಿಕರು ಮಾಡ್ದೇ ಇರಬಹುದು" ಎಂದಳು ಆಕೆ. ಆಕೆಯ ಮಾಂತ್ರಿಕರು ಉಣ್ಣುತ್ತಿದ್ದರು. ಅವರ ಎಂಜಲು ತೆಗೆಯಲು, ಹೋಮದ ಬೂದಿ ಬಳಿಯಲು, ರಕ್ತ ಹತ್ತಿದ ಪಂಚೆಯನ್ನು ತಣ್ಣೀರಿನಲ್ಲಿ ನೆನೆಹಾಕಲು ಯಾವಳೋ ಒಬ್ಬಳು ಇರುತ್ತಿದ್ದಳು. ಕೊನೆಯಲ್ಲಿ ಪಂಥ ಸಿಕ್ಕಿಬೀಳುತ್ತಿದ್ದುದೂ ಅವಳಿಂದಲೇ. ಗೋಡೆಯಿಂದ ಇಳಿದು ಬರುವ ನೆರಳಿಗಿಂತ, ಬಲಿಯಾದ ಮೇಲೆ ಪೊರಕೆ ಹಿಡಿದು ಸದ್ದಿಲ್ಲದೆ ಒಳಗೆ ಬರುವ ಆ ಹೆಂಗಸಿಗೇ ಓದುಗರು ಹೆಚ್ಚು ಬೆಚ್ಚುತ್ತಿದ್ದರು.

ಈ ಕಾದಂಬರಿಗಳ ಹುಚ್ಚು ಹೆಚ್ಚಾಗಿದ್ದುದು ಅತ್ತೆ ಅಕ್ಕಯ್ಯಮ್ಮನವರಿಗೆ. ಕಣ್ಣಿಗೆ ಪೊರೆ ಬಂದಿದ್ದರಿಂದ ಊಟವಾದ ಮೇಲೆ ಸೊಸೆಯೇ ಓದಿ ಹೇಳಬೇಕು. ಚಾಪೆಯ ಮೇಲೆ ಒರಗಿ, ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎಲ್ಲ ಕೇಳಿ ಮುಗಿಸಿ, "ಎಂಥಾ ಕಟುಕ ಇರ್ಬೇಕು ಕಣೇ ಈ ಕಪಾಲಿ. ಇವನ ಹೆಂಡತಿ ಹೇಗೆ ಬಾಳ್ತಾಳೋ" ಎನ್ನುತ್ತಿದ್ದರು. "ಬಾಳ್ತಾಳೆ ಅತ್ತೆ" ಎಂದು ಸೊಸೆ ಪುಟ ಮಡಿಸಿಡುತ್ತಿದ್ದಳು.

ತಿಂಗಳಿಗೊಂದು ತಲೆ ಉರುಳಿಸುತ್ತಿದ್ದ ಈ ಕಪಾಲಿ ತನ್ನ ಅಡುಗೆಮನೆಯಲ್ಲಿ ಒಂದು ಇಡೀ ಕುಂಬಳಕಾಯಿಗೆ ಕತ್ತಿ ತಾಗಿಸುತ್ತಿರಲಿಲ್ಲ. ಇಡೀ ಬೂದುಗುಂಬಳ ಜೀವಕ್ಕೆ ಸಮ, ಅದನ್ನು ಒಡೆಯುವುದು ಬಲಿ ಕೊಟ್ಟಂತೆ, ಹೆಂಗಸು ಮೊದಲ ಏಟು ಹಾಕಬಾರದು ಎಂಬುದು ಆ ಮನೆಯ ಪದ್ಧತಿ. ಕುಂಬಳ ತಂದ ದಿನ ಪುರುಷೋತ್ತಮ ಅಂಗಿಯ ತೋಳು ಮಡಿಸಿ, ಮಚ್ಚಿನಿಂದ ಒಂದು ಏಟು ಹಾಕಿ, ದೊಡ್ಡ ಕೆಲಸ ಮುಗಿಸಿದವನಂತೆ ಕೈ ಒರೆಸಿಕೊಂಡು ಹೋಗುತ್ತಿದ್ದ. ಸಿಪ್ಪೆ ಹೆರೆಯುವುದು, ತಿರುಳು ತೆಗೆಯುವುದು, ಹೋಳು ಹೆಚ್ಚುವುದು, ಮಚ್ಚು ತೊಳೆದಿಡುವುದು ಆಕೆಯ ಪಾಲು. ಇದನ್ನು ಆಕೆ ಎಂದೂ ಪ್ರಶ್ನಿಸಿರಲಿಲ್ಲ.

ಒಂದು ಶ್ರಾವಣದ ಬೆಳಿಗ್ಗೆ ಕಾರ್ಖಾನೆಯ ಬಸ್ಸಿನ ಹಾರನ್ನು ಕೇಳಿ ಪುರುಷೋತ್ತಮ ಕುಂಬಳವನ್ನು ಮರೆತು ಓಡಿದ. ಅದೇ ದಿನ ಲಕ್ಷ್ಮೀಪತಿ ದಸರಾ ವಿಶೇಷ ಸಂಚಿಕೆಯ ಮುಖಪುಟವನ್ನು ಅಚ್ಚು ಮಾಡಿಸಿಕೊಂಡೇ ಮನೆಗೆ ಬಂದ. ಅದರಲ್ಲಿ ತುಂಬು ಮುತ್ತೈದೆಯೊಬ್ಬಳು ಬಲಿಪೀಠದ ಮೇಲೆ ಕುತ್ತಿಗೆ ಚಾಚಿ ಮಂದಹಾಸ ಬೀರುತ್ತಿದ್ದಳು. ಅತ್ತೆಯ ಕಿವಿಗೆ ಬೀಳದ ಹಾಗೆ ಹಿತ್ತಲಿನಲ್ಲಿ ನಿಂತು, ಕಥೆ ಇದಕ್ಕೆ ಹೊಂದಬೇಕು ಎಂದ.

"ಗಂಡನ ಆಯಸ್ಸಿಗೋಸ್ಕರ ತಾನಾಗೇ ಬಂದು ತಲೆ ಕೊಡ್ತಾಳಮ್ಮ. ನಗ್ತಾ ನಗ್ತಾ ಕೊಡ್ಬೇಕು, ಅದೇ ಪಾಯಿಂಟು. ಹೆಂಗಸರೆಲ್ಲ ಅತ್ತುಬಿಡ್ತಾರೆ."

"ಎಳಕೊಂಡು ಹೋಗಿ ಕಡಿದ್ರೆ ಬರೀತೀನಿ. ನಗ್ತಾ ಬರೋಳನ್ನ ನಾನು ಬರೆಯಲ್ಲ."

"ಕಥೆ ತಾನೇಮ್ಮ. ನೀವು ಒಲ್ಲೆ ಅಂದ್ರೆ ಬರೆಯೋರು ಬೇರೆ ಇದಾರೆ. ಕಪಾಲಿ ಅನ್ನೋ ಹೆಸರು ನಮ್ಮ ಪ್ರೆಸ್ಸಿಂದು, ನಿಮ್ಮದಲ್ಲ."

ಆ ಮಾತು ಆಕೆಗೆ ಅರ್ಥವಾಯಿತು. ಹಿತ್ತಲಿನ ಆ ಕಲ್ಲು, ಆ ಕೋಟು, ನೀರು ಕಾಯುವಷ್ಟು ಹೊತ್ತು, ಇಡೀ ದಿನದಲ್ಲಿ ತನ್ನದೆಂದು ಇದ್ದುದು ಅಷ್ಟೇ. ಊಟ ಮಾಡಿಕೊಂಡು ಹೋಗಿ ಎಂದು ಆಕೆ ಅವನನ್ನು ಒಳಗೆ ಕರೆದಳು. ಮಜ್ಜಿಗೆ ಹುಳಿಗೆ ಕುಂಬಳ ಬೇಕಿತ್ತು. "ಇವರು ಮರೆತು ಹೋಗಿದಾರೆ. ಒಂದು ಏಟು ಹಾಕ್ಕೊಡಿ" ಎಂದು ಮಚ್ಚನ್ನು ಹಿಡಿಯ ಕಡೆಯಿಂದ ಚಾಚಿದಳು.

ಲಕ್ಷ್ಮೀಪತಿ ಕೈ ಹಿಂದಕ್ಕೆಳೆದುಕೊಂಡ. "ನಾನು ಮುಟ್ಟೋ ಹಾಗಿಲ್ಲಮ್ಮ. ಮನೇಲಿ ಅವಳಿಗೆ ಏಳು ತಿಂಗಳು. ಹೆಂಡತಿ ಬಸುರಿ ಇದ್ದಾಗ ಗಂಡ ಬಲಿ ಒಡೀಬಾರದು ಅಂತಾರಲ್ಲ." ಅವನ ಮುಖದಲ್ಲಿ ನಿಜವಾದ ಭಯವಿತ್ತು. ಅಷ್ಟು ಪುಸ್ತಕ ಮಾರಿದವನ ಮುಖದಲ್ಲಿ ಆಕೆ ಅದನ್ನು ಕಂಡದ್ದು ಅದೇ ಮೊದಲು.

ಆಕೆ ಮುಖಪುಟವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. "ನಿಮ್ಮನೆಯವ್ರಿಗೋಸ್ಕರ ಒಂದು ಕಾಯಿಗೂ ಹೆದರ್ತೀರಿ. ಇವಳು ಮಾತ್ರ ನಗಬೇಕು" ಎಂದಳು ಮೆಲ್ಲಗೆ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು, ಕುಂಬಳವನ್ನು ಮಣೆಯ ಮೇಲಿಟ್ಟು, ಮಚ್ಚು ಎತ್ತಿ ಹೊಡೆದಳು.

ಆ ಸದ್ದಿಗೆ ಚಾಪೆಯಿಂದ ಅಕ್ಕಯ್ಯಮ್ಮನವರ ದನಿ ಬಂತು. "ಇಡೀದನ್ನ ಹೆಂಗಸು ಒಡೆದ್ರೆ ಕೊಲೆ ಕಣೇ, ಅನಂತು."

"ನನಗೆ ರೂಢಿ ಇದೆ ಅತ್ತೆ. ಕಪಾಲಿ ನಾನೇ."

ಒಲೆಯ ಮೇಲಿನ ನೀರು ಕುದಿಯತೊಡಗಿತ್ತು. ಕೊನೆಗೆ ಮುದುಕಿ, "ಬೀಜ ಬಲಿತಿರುತ್ತೆ, ನೋಡಿ ತೆಗಿ" ಎಂದರು.

ಲಕ್ಷ್ಮೀಪತಿ ಆ ಹುಳಿಯನ್ನು ಎರಡು ಸಲ ಬಡಿಸಿಕೊಂಡು ಉಂಡು, ಮುಖಪುಟವನ್ನು ಸುರುಳಿ ಸುತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ. ಆ ಸಂಜೆ ವಿಷಯ ತಿಳಿದ ಪುರುಷೋತ್ತಮ, "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದ. "ಕುಂಬಳದ್ದಾ, ಕಥೇದಾ?" ಎಂದಳು ಆಕೆ. ಮುಂದಿನ ಸಲ ಅವನು ತೋಳು ಮಡಿಸಿಕೊಂಡು ಅಡುಗೆಮನೆಗೆ ಬಂದಾಗ ಹೋಳು ಆಗಲೇ ಬೆಂದಿತ್ತು.

ದಸರಾ ಸಂಚಿಕೆ ಬಂತು, ಕಪಾಲಿಯ ಹೆಸರಿನಲ್ಲೇ, ಬೇರೆ ಯಾರದೋ ಕೈಯಲ್ಲಿ. ಏನೂ ಅರಿಯದ ಜಯದೇವಿಯೇ ಅದನ್ನು ತಂದುಕೊಟ್ಟು, ಕೇಳಲು ತಾನೂ ಕೂತಳು. ಅನಂತಲಕ್ಷ್ಮಿ ದನಿಯಲ್ಲಿ ಏರಿಳಿತವಿಲ್ಲದೆ ಓದಿದಳು. ಹೆಂಡತಿ ನಗುತ್ತಾ ಬಂದಳು, ಶಂಖ ಮೊಳಗಿತು, ತಲೆ ಉರುಳಿತು, ಗಂಡ ಕಣ್ಣು ತೆರೆದ. ಜಯದೇವಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಕ್ಕಯ್ಯಮ್ಮ ಕಾದರು. "ಆಮೇಲೆ?"

"ಅಷ್ಟೇ ಅತ್ತೆ. ಮುಗೀತು."

"ನೆಲ ಯಾರು ತೊಳೆದ್ರು?"

"ಬರೆದಿಲ್ಲ."

"ಹಾಗಾದ್ರೆ ಇದು ನಮ್ಮ ಕಪಾಲಿ ಅಲ್ಲ" ಎಂದು ಮುದುಕಿ ಆ ಪುಸ್ತಕವನ್ನು ತಡಕಿ ಹಿಡಿದು ಪಕ್ಕಕ್ಕೆ ಸರಿಸಿದರು. "ನೀನು ಹೇಳು."

ಅನಂತಲಕ್ಷ್ಮಿ ಮತ್ತೆ ಅಚ್ಚಿಗೆ ಬರೆಯಲಿಲ್ಲ. ಅದು ಆಕೆಗೆ ಆದ ನಷ್ಟ. ಅದನ್ನು ಇಲ್ಲವೆನ್ನುವುದು ಸುಳ್ಳಾಗುತ್ತದೆ. ಕೋಟು ಹಿತ್ತಲಿನ ಗೂಟದ ಮೇಲೆ ಬಹಳ ಕಾಲ ನೇತಾಡಿತು. ಆದರೆ ಆ ಮಧ್ಯಾಹ್ನ ಮೊರದ ಅಕ್ಕಿಯಿಂದ ಕಲ್ಲು ಆರಿಸುತ್ತಾ ಆಕೆ ಬಾಯಿ ತೆರೆದಳು. ಅಷ್ಟು ವರ್ಷ ಅಲುಗುತ್ತಿದ್ದ ಆ ತುಟಿಗಳಿಂದ ದನಿ ಹೊರಟಾಗ, ಅದು ಯಾವ ದೇವರ ನಾಮವೂ ಅಲ್ಲವೆಂದು ತಿಳಿದ ಜಯದೇವಿ ಎದ್ದು ಹೋಗಲಿಲ್ಲ, ಇನ್ನಷ್ಟು ಹತ್ತಿರಕ್ಕೆ ಸರಿದು ಕೂತಳು.

ಬಲಿಯ ಕಥೆಯಲ್ಲಿ ಎಲ್ಲರೂ ನೋಡುವುದು ಕತ್ತಿ ಎತ್ತಿದವನನ್ನು. ಕರುಣೆಯುಳ್ಳವರಾದರೆ ಕುತ್ತಿಗೆ ಚಾಚಿದವಳನ್ನು. ಅನಂತಲಕ್ಷ್ಮಿಯಂಥವರ ಕಣ್ಣು ಮಾತ್ರ ಮೂಲೆಯಲ್ಲಿಟ್ಟ ನೀರಿನ ಬಕೆಟ್ಟಿಗೆ ಹೋಗುತ್ತದೆ. ಅದನ್ನು ತುಂಬಿಟ್ಟವಳು ಒಬ್ಬಳಿದ್ದಾಳೆ, ಎಲ್ಲರೂ ಎದ್ದು ಹೋದರೂ ಅವಳು ಇನ್ನೂ ಅಲ್ಲೇ ಇದ್ದಾಳೆ, ಎಂಬುದನ್ನು ಅವರು ಮರೆಯಲಾರರು.