ನೇವಿ ಪ್ಯಾಂಟಿನ ಕೆಳಗೆ ಕಂದು ಬೂಟು

ಎರಡು ಸಾವಿರದ ಇಪ್ಪತ್ತೆರಡನೇ ಇಸವಿ, ಆಗಸ್ಟ್ ಹನ್ನೊಂದು, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನನಗೆ ಕೊನೆಯ ಹೊಲಿಗೆ ಬಿತ್ತು. ಹೊತ್ತಿನ ಬಗ್ಗೆ ಅನುಮಾನ ಬೇಡ. ನನ್ನನ್ನು ಮಾಡಿದ ಮೂಡಲಗಿರಿಯಪ್ಪನವರು ಪ್ರತಿ ಬೂಟಿನ ಚೀಟಿಯ ಮೇಲೂ ದಿನ ಮತ್ತು ಗಂಟೆ ಬರೆದಿಡುವವರು.

ನಾನು ಒಂದು ಎಡಗಾಲಿನ ಬೂಟು. ತುಮಕೂರಿನ ಒಂದು ಆಸ್ಪತ್ರೆಯ ಹಿಂಬದಿಯಲ್ಲಿ, ಊರುಗೋಲು ಮತ್ತು ಕೃತಕ ಕಾಲುಗಳನ್ನು ತಯಾರಿಸುವ ಕೊಠಡಿಯಲ್ಲಿ ಹುಟ್ಟಿದೆ. ಅಂಗಡಿಯ ಬೂಟುಗಳು ಮೊದಲು ಹುಟ್ಟಿ ಆಮೇಲೆ ಕಾಲು ಹುಡುಕುತ್ತವೆ. ನನ್ನ ವಿಷಯದಲ್ಲಿ ಕಾಲು ಮೊದಲಿತ್ತು. ಅದು ಗಂಗಾಂಬಿಕೆ ಎಂಬ ಮೂವತ್ತಮೂರು ವರ್ಷದ ಹೆಂಗಸಿನದು. ಒಂದೂವರೆ ವರ್ಷದ ಮಗುವಾಗಿದ್ದಾಗ ಬಂದ ಪೋಲಿಯೊದಿಂದ ಅವಳ ಎಡಗಾಲು ಬಲಗಾಲಿಗಿಂತ ಮೂರೂವರೆ ಸೆಂಟಿಮೀಟರ್ ಗಿಡ್ಡ. ಆ ಅಂತರವನ್ನು ತುಂಬುವುದಷ್ಟೇ ನನ್ನ ಕೆಲಸ. ಒಂದು ಸೆಂಟಿಮೀಟರನ್ನು ನನ್ನ ಹೊಟ್ಟೆಯೊಳಗೆ, ಹಿಮ್ಮಡಿಯ ಕೆಳಗೆ ಅಡಗಿಸಿದರು. ಉಳಿದ ಎರಡೂವರೆಗೆ ಹೊರಗಿನ ಅಟ್ಟೆಯಲ್ಲಿ ಐದು ರಬ್ಬರ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಉಜ್ಜಿ, ಸಮ ಮಾಡಿದರು. ನನ್ನ ಜೊತೆಯ ಬಲಗಾಲಿನ ಬೂಟಿಗೆ ಈ ಯಾವ ರಗಳೆಯೂ ಇಲ್ಲ. ಅದು ಮಾಮೂಲಿ ಬೂಟು, ಹಗುರ, ಸ್ವಲ್ಪ ಜಂಬದ್ದು.

ಆ ತಿಂಗಳು ಕೊಠಡಿಯಲ್ಲಿ ಇದ್ದದ್ದು ಕಂದು ಚರ್ಮ ಮಾತ್ರ. ಹಾಗಾಗಿ ನಾನು ಕಂದು. ನನ್ನ ಬಣ್ಣದ ಹಿಂದೆ ಇದಕ್ಕಿಂತ ಹೆಚ್ಚಿನ ಯೋಚನೆ ಇರಲಿಲ್ಲ.

"ಅಟ್ಟೆ ಸುತ್ತ ಒಂದು ಚರ್ಮದ ಪಟ್ಟಿ ಹೊದಿಸಿದ್ರೆ ಚೆನ್ನಾಗಿರುತ್ತೆ," ಎಂದು ಮೂಡಲಗಿರಿಯಪ್ಪನವರು ತಾವೇ ಶುರುಮಾಡಿ, ತಾವೇ ಮುಗಿಸಿಬಿಟ್ಟರು. "ಆದ್ರೆ ಯಾರಮ್ಮ ನೋಡ್ತಾರೆ? ಸೀರೆ ಒಳಗೆ ಇರುತ್ತೆ."

ಸೀರೆಯೊಳಗೇ ಇದ್ದೆ. ಏಳು ತಿಂಗಳು ನನಗೆ ಹೊರಗಿನವರ ಕಾಟವೇ ಇರಲಿಲ್ಲ. ಗಂಗಾಂಬಿಕೆ ಆಗ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಹೆಂಗಸರು ಸೀರೆ ತರುತ್ತಾರೆ. ಅದಕ್ಕೆ ರವಿಕೆ ಬಟ್ಟೆ, ಲೈನಿಂಗ್, ಫಾಲ್ ಎಲ್ಲವನ್ನೂ ಬಣ್ಣಕ್ಕೆ ಬಣ್ಣ ಹೊಂದಿಸಿ ಕೊಡಬೇಕು. ಅವಳು ಗೋಡೆಯ ತುಂಬ ಇದ್ದ ಬಟ್ಟೆಗಳಲ್ಲಿ ಎರಡನ್ನು ಎಳೆದು, "ಬನ್ನಿ ಅಕ್ಕಾ, ಬಿಸಿಲಿಗೆ ಹೋಗೋಣ," ಎಂದು ಗಿರಾಕಿಯನ್ನು ಅಂಗಡಿಯ ಹೊರಗಿನ ಮೆಟ್ಟಿಲಿಗೆ ಕರೆದೊಯ್ಯುತ್ತಿದ್ದಳು. ಟ್ಯೂಬ್‌ಲೈಟಿನಲ್ಲಿ ಅಕ್ಕತಂಗಿಯರಂತೆ ಕಂಡ ಎರಡು ನೇರಳೆಗಳು ಬಿಸಿಲಿಗೆ ಬಂದ ಕೂಡಲೇ ಬೇರೆಯಾಗುತ್ತಿದ್ದವು. ಒಂದು ನೀಲಿಯ ಕಡೆ ಜಾರಿದರೆ ಇನ್ನೊಂದು ಕೆಂಪಿನ ಕಡೆ. ದಿನಕ್ಕೆ ಐವತ್ತು ಸಲವಾದರೂ ಆ ಮೆಟ್ಟಿಲು ಹತ್ತಿ ಇಳಿದಿದ್ದೇನೆ. ಅವಳು ಬಣ್ಣ ತಪ್ಪಿದ್ದನ್ನು ನಾನು ಕಂಡಿಲ್ಲ.

ಈ ಕಣ್ಣಿನ ಸುದ್ದಿ ಹಬ್ಬಿ, ಊರಿನಲ್ಲಿ ಹೊಸದಾಗಿ ತೆರೆದ ಮೂರು ಅಂತಸ್ತಿನ ಸೀರೆ ಶೋರೂಮಿನವರು ಅವಳನ್ನು ಕರೆದರು. ರೇಷ್ಮೆ ವಿಭಾಗ, ಮೊದಲ ಮಹಡಿ. ಮೂರು ತಿಂಗಳು ನೋಡುತ್ತಾರೆ. ಆಮೇಲೆ ಯಾರನ್ನು ಎಲ್ಲಿ ಹಾಕಿದ್ದಾರೋ ಅಲ್ಲೇ ಕಾಯಂ. ಅವಳು ಮನೆಗೆ ಬಂದು ತಾಯಿಗೆ ಹೇಳುವಾಗ ಅವಳ ಹೆಬ್ಬೆರಳು ನನ್ನೊಳಗೆ ತಾಳ ಹಾಕುತ್ತಿತ್ತು. ಮರುದಿನ ಸಮವಸ್ತ್ರದ ಪೊಟ್ಟಣ ಬಂತು: ತಿಳಿನೀಲಿ ಶರ್ಟು, ನೇವಿ ಬ್ಲೂ ಪ್ಯಾಂಟು. ಒಳಗೊಂದು ಚೀಟಿ: "ಶೂ ಕಪ್ಪು ಬಣ್ಣದ್ದೇ ಇರತಕ್ಕದ್ದು."

ನನ್ನ ನೆಮ್ಮದಿ ಅಲ್ಲಿಗೆ ಮುಗಿಯಿತು. ಸೀರೆ ನೆಲ ಮುಟ್ಟುತ್ತದೆ, ಪ್ಯಾಂಟು ಮುಟ್ಟುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ನಾನು ಅಡಿಯಿಂದ ಮುಡಿಯವರೆಗೆ ಎಲ್ಲರಿಗೂ ಕಾಣುವಂತಾದೆ. ಆ ಸಂಜೆ ಮನೆಯಲ್ಲಿ ನಡೆದ ಚರ್ಚೆಯನ್ನು ನೆನೆದರೆ ನನ್ನ ಅಂಟು ಈಗಲೂ ಬಿಸಿಯಾಗುತ್ತದೆ.

"ಪ್ಯಾಂಟೇ ಬೇಕಾ?" ಎಂದರು ತಾಯಿ ಗೌರಮ್ಮ. "ಸರಿ, ಬೇಕೇಬೇಕು ಅಂದ್ರೆ ಅದಕ್ಕೆ ಬಿಳೀ ಶೂ ಹಾಕ್ಕೊ. ನಮ್ಮ ಪಕ್ಕದ ಮನೆ ಹುಡುಗಿ ನೀಲಿಗೆ ಬಿಳಿ ಹಾಕ್ತಾಳೆ, ಲಕ್ಷಣವಾಗಿರುತ್ತೆ."

"ಬಿಳೀದು ಆಟಕ್ಕೆ ಅಕ್ಕಾ, ಕೆಲಸಕ್ಕಲ್ಲ," ಎಂದರು ಸೋದರಮಾವ ಈಶ್ವರಯ್ಯ. ಕೋರ್ಟಿನಲ್ಲಿ ಮೂವತ್ತೆಂಟು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಜಗತ್ತಿನ ಎಲ್ಲ ವಿಷಯಕ್ಕೂ ಅವರಲ್ಲಿ ತೀರ್ಪು ಸಿದ್ಧವಿರುತ್ತದೆ. "ನೇವಿ ಬ್ಲೂಗೆ ಕಪ್ಪೇ. ದೊಡ್ಡ ದೊಡ್ಡ ವಕೀಲರನ್ನ ನೋಡಿದೀನಿ ನಾನು."

"ಅವರ ಪ್ಯಾಂಟೂ ಕಪ್ಪೇ ಅಲ್ವಾ ಮಾವ?" ಎಂದಳು ಗಂಗಾಂಬಿಕೆ.

"ಅದಕ್ಕೇ ಹೇಳಿದ್ದು," ಎಂದರು ಈಶ್ವರಯ್ಯ. ಏನು ಹೇಳಿದಂತಾಯಿತು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಕಪ್ಪು, ಬಿಳಿ, ಬೂದು, ಕಂದು. ಬಾಗಿಲ ಬಳಿ ಕುಳಿತ ನಾನು, ಯಾರಾದರೂ ಒಬ್ಬರು ಎರಡೂವರೆ ಸೆಂಟಿಮೀಟರ್ ಎಂಬ ಮಾತೆತ್ತುತ್ತಾರೇನೋ ಎಂದು ಕಾದೆ. ಯಾರೂ ಎತ್ತಲಿಲ್ಲ. ಬೇರೆ ಕಪ್ಪು ಬೂಟು ಬೇಕೆಂದರೆ ಅದನ್ನೂ ಅಳೆದೇ ಮಾಡಿಸಬೇಕು. ಅದು ಗೊತ್ತಿದ್ದೂ ಎಲ್ಲರೂ ಬಣ್ಣದ ಸುತ್ತಲೇ ಪ್ರದಕ್ಷಿಣೆ ಹಾಕಿದರು. ಆ ಮನೆಯಲ್ಲಿ ಕಾಲಿನ ಹೆಸರು ಹೇಳುವ ರೂಢಿಯೇ ಇರಲಿಲ್ಲ.

ಮರುದಿನ ಈಶ್ವರಯ್ಯನವರು ಕಪ್ಪು ಬಣ್ಣದ ಶೀಶೆಯೊಂದನ್ನು ತಂದು, ಹಳೇ ಬನಿಯನ್ನಿನ ಚೂರಿನಿಂದ ನನಗೂ ನನ್ನ ಜೊತೆಯದಕ್ಕೂ ಬಳಿದರು. ಮೂರು ಸಲ. ಮೇಲಿನ ಚರ್ಮ ಕುಡಿದಷ್ಟು ಕುಡಿದು ಮುಕ್ಕಾಲು ಕಪ್ಪಾಯಿತು. ರಬ್ಬರ್ ಹಾಳೆ ಮಾತ್ರ ಜಗ್ಗಲಿಲ್ಲ. ಬಣ್ಣ ಅದರ ಮೇಲೆ ನಿಲ್ಲದೆ, ಹಾಳೆ ಹಾಳೆಗಳ ನಡುವಿನ ಅಂಟಿನ ಗೆರೆಗಳಲ್ಲಿ ಹೋಗಿ ಕೂತಿತು. ಮೊದಲು ಒಂದೇ ಕಂದು ಮುದ್ದೆಯಾಗಿ ಕಾಣುತ್ತಿದ್ದ ನನ್ನ ಅಟ್ಟೆಯಲ್ಲಿ ಈಗ ಐದು ಪದರಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಬಚ್ಚಿಡಲು ಹೋಗಿ ಅಡಿಗೆರೆ ಎಳೆದಂತಾಯಿತು.

"ಫಸ್ಟ್ ಕ್ಲಾಸ್," ಎಂದರು ಈಶ್ವರಯ್ಯ.

ಶೋರೂಮಿನ ಎರಡನೆಯ ವಾರ. ಹಾಸುಗದ್ದುಗೆಯ ಪಕ್ಕ ನಿಂತು ಅದರ ಮೇಲೆ ಸೀರೆ ಹರಡಿ ತೋರಿಸುತ್ತಿದ್ದ ಗಂಗಾಂಬಿಕೆಯ ಎದುರು ಕೂತಿದ್ದ ಗಿರಾಕಿಯೊಬ್ಬರು ಸೀರೆ ಬಿಟ್ಟು ನನ್ನನ್ನೇ ನೋಡತೊಡಗಿದರು. "ಏನಮ್ಮ ಕಾಲಿಗೆ? ಬಿದ್ದಿದ್ಯಾ?" ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಮಹಡಿಯ ಮ್ಯಾನೇಜರ್ ಧನಪಾಲ್ ಅವರ ಕಿವಿಗೆ ಬಿತ್ತು. ಅವರ ಬೂಟುಗಳು ನನ್ನ ಪಕ್ಕ ಬಂದು ನಿಂತವು: ಕಪ್ಪು, ಚೂಪು ಮೂತಿ, ಎಡಗಡೆಯದರ ದಾರ ಸಡಿಲ.

"ಗಂಗಾಂಬಿಕೆಯವರೇ, ನಿಮ್ಮ ಶೂ ಬಣ್ಣ ಸರಿಯಾಗಿಲ್ಲ," ಎಂದರು. "ಪಟ್ಟೆ ಪಟ್ಟೆ ಇದೆ. ಅದು ಸರಿಯಾಗೋವರೆಗೂ ಕೆಳಗೆ ಗೋಡೌನಲ್ಲಿರಿ. ಟ್ಯಾಗ್ ಹಾಕೋ ಕೆಲಸ ಇದೆ."

"ಎಷ್ಟು ದಿನ ಸರ್?"

"ಸರಿಯಾಗೋವರೆಗೂ."

ಗೋಡೌನಿಗೆ ಕಿಟಕಿಯಿಲ್ಲ. ಅಲ್ಲಿ ಸೀರೆಗಳು ಪ್ಲಾಸ್ಟಿಕ್ ಚೀಲದೊಳಗಿರುತ್ತವೆ. ಬಣ್ಣ ಏನೆಂದು ಯಾರೂ ಕೇಳುವುದಿಲ್ಲ, ನಂಬರು ಕೇಳುತ್ತಾರೆ. ಅವಳು ಸ್ಟೂಲಿನ ಮೇಲೆ ಕೂತು ಟ್ಯಾಗ್ ಚುಚ್ಚುತ್ತಿದ್ದಳು. ನನಗೆ ವಿಶ್ರಾಂತಿ. ಇಂಥ ದರಿದ್ರ ವಿಶ್ರಾಂತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೂರು ತಿಂಗಳು ಮುಗಿಯುವ ಹೊತ್ತಿಗೂ ಅಲ್ಲೇ ಇದ್ದರೆ ಅದೇ ಅವಳ ಕಾಯಂ ಜಾಗ.

ಹೀಗೇ ಎರಡು ತಿಂಗಳು ಕಳೆಯಿತು. ಉಪಾಯಗಳಿಗೇನೂ ಬರವಿರಲಿಲ್ಲ. ಗೌರಮ್ಮ ಪ್ಯಾಂಟಿನ ಎಡಗಾಲಿನ ಮಡಿಕೆ ಬಿಚ್ಚಿ ಎರಡು ಬೆರಳು ಉದ್ದ ಮಾಡಿದರು, ನಾನು ಮುಚ್ಚಿಹೋಗಲೆಂದು. ಮಡಿಕೆ ಬಿಚ್ಚಿದ ನಾಲ್ಕನೇ ದಿನ ಗೋಡೌನಿನ ಮೆಟ್ಟಿಲ ಮೇಲೆ ಆ ಅಂಚು ನನ್ನ ಹಿಮ್ಮಡಿಗೆ ಸಿಕ್ಕಿತು. ಅವಳು ಎದೆಗವಚಿ ಹಿಡಿದಿದ್ದ ಹನ್ನೆರಡು ಸೀರೆಗಳ ಸಮೇತ ಮೊಣಕಾಲೂರಿ ಬಿದ್ದಳು. ಪೆಟ್ಟು ಸಣ್ಣದು. ಆದರೆ ಮೇಲಕ್ಕೇಳುವ ಮುಂಚೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ನನ್ನನ್ನು ಕಳಚಿ, ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಬಟ್ಟೆ ನೋಡುವಾಗಿನ ಆ ಕಣ್ಣಿನಿಂದ ಅವಳು ನನ್ನನ್ನು ನೋಡಿದ್ದು ಅದೇ ಮೊದಲು.

ಭಾನುವಾರ ಮೂಡಲಗಿರಿಯಪ್ಪನವರ ಮನೆಗೇ ಹೋದಳು.

"ಯಾವ ಪುಣ್ಯಾತ್ಮ ಇದಕ್ಕೆ ಮಸಿ ಬಳಿದೋನು?" ಎಂದು ಅವರು ನನ್ನನ್ನು ತಿರುಗಿಸಿ ನೋಡಿದರು.

"ನಮ್ಮ ಮಾವ."

"ಅವರ ತಲೆಗೆ ಬಳ್ಕೋಬೇಕಿತ್ತು, ಉಪಯೋಗ ಆಗ್ತಿತ್ತು. ಕಪ್ಪು ಚರ್ಮ ಬರೋಕೆ ಆರು ವಾರ ಆಗುತ್ತೆ ಕಣಮ್ಮ. ಕಾಯ್ತೀಯಾ?"

"ಶೋರೂಮಿನವರು ನೋಡೋದು ಇನ್ನು ಒಂಬತ್ತು ದಿನ ಮಾತ್ರ. ಈ ಬಣ್ಣ ತೆಗೀರಿ. ಅಟ್ಟೆಗೆ ಪಟ್ಟಿ ಹೊದಿಸಿ."

ಅವರು ಬಣ್ಣ ಕರಗಿಸುವ ದ್ರಾವಣದ ಡಬ್ಬಿ ತೆಗೆದರು. ಮೊದಲೇ ಹೊದಿಸಬೇಕಾಗಿದ್ದ ಪಟ್ಟಿ ಅದು ಎಂಬುದು ಇಬ್ಬರಿಗೂ ಗೊತ್ತಿತ್ತು. ಕಪ್ಪು ಕರಗಿತು, ಆದರೆ ಪೂರ್ತಿ ಹೋಗಲಿಲ್ಲ. ಹುಣಸೆಹಣ್ಣಿಗೂ ಹುರಿದ ಕಾಫಿಬೀಜಕ್ಕೂ ನಡುವಿನ ಒಂದು ಗಾಢ ಕಂದು ನನ್ನ ಮೈಮೇಲೆ ಉಳಿಯಿತು. ಬಲಗಾಲಿನ ಬೂಟನ್ನೂ ಅದೇ ಬಣ್ಣಕ್ಕೆ ತಂದರು. ಅದರ ಜಂಬ ಸ್ವಲ್ಪ ಇಳಿಯಿತು. ಆಮೇಲೆ ಚರ್ಮದ ಚೂರುಗಳ ಬುಟ್ಟಿಯನ್ನು ಅವಳ ಮುಂದೆ ಸುರಿದರು.

"ಇದು ಸರಿಯಾಗುತ್ತೆ," ಎಂದು ಒಂದು ಚೂರು ಎತ್ತಿಕೊಟ್ಟರು.

ಗಂಗಾಂಬಿಕೆ ಅದನ್ನೂ ನನ್ನನ್ನೂ ಹಿಡಿದು ಅಂಗಳದ ಬಿಸಿಲಿಗೆ ಹೋದಳು, ಬರಿಗಾಲಲ್ಲಿ, ಕುಂಟುತ್ತ. "ಇದು ಕೆಂಪಿಗೆ ಹೋಗುತ್ತೆ," ಎಂದಳು. ಎರಡನೆಯದು ಹಸಿರಿಗೆ ಹೋಯಿತು. ಏಳನೆಯ ಚೂರು ನನ್ನ ಪಕ್ಕದಲ್ಲಿ ಇಟ್ಟಾಗ ಎಲ್ಲಿ ನಾನು ಮುಗಿದೆ, ಎಲ್ಲಿ ಅದು ಶುರುವಾಯಿತು ಎಂದು ನನಗೇ ತಿಳಿಯಲಿಲ್ಲ. ಮೂಡಲಗಿರಿಯಪ್ಪನವರು ಕನ್ನಡಕ ಹಣೆಗೇರಿಸಿ ಎರಡು ಸಲ ನೋಡಿ, "ಇದನ್ನೇ ಹೊಲೀತೀನಿ ಬಿಡಮ್ಮ," ಎಂದರು. ಸಂಜೆಯ ಹೊತ್ತಿಗೆ ನನ್ನ ಐದು ಪದರಗಳು ಒಂದೇ ಮೈಯಾದವು.

ಸೋಮವಾರ ಅವಳು ಗೋಡೌನಿಗೆ ಇಳಿಯಲಿಲ್ಲ. ನೇರ ಮೊದಲ ಮಹಡಿಗೆ ಹತ್ತಿದಳು. ಚೂಪು ಮೂತಿಯ ಕಪ್ಪು ಬೂಟುಗಳು ಬಂದವು.

"ಇದು ಕಂದು," ಎಂದರು ಧನಪಾಲ್.

"ಹೌದು ಸರ್."

"ನಿಯಮ ಕಪ್ಪು ಅಂತ ಇದೆ. ನೇವಿ ಬ್ಲೂಗೆ ಕಪ್ಪೇ ಸೂಟ್ ಆಗೋದು."

"ಒಂದ್ ನಿಮಿಷ ಬಾಗಿಲ ಹತ್ರ ಬನ್ನಿ ಸರ್." ಬಾಲ್ಕನಿಯ ಬಿಸಿಲಿನಲ್ಲಿ ನಾವು ನಾಲ್ಕು ಬೂಟುಗಳು ಸಾಲಾಗಿ ನಿಂತೆವು. "ನಿಮ್ಮ ಪ್ಯಾಂಟೂ ನೇವಿ, ಶೂ ಕಪ್ಪು. ಹತ್ತಿರ ಹತ್ತಿರದ ಬಣ್ಣ. ಅದಕ್ಕೇ ಇಲ್ಲಿ ಪ್ಯಾಂಟು ಮಾಸಿದ ಹಾಗೆ, ಶೂ ಬೂದಿ ಹಚ್ಚಿದ ಹಾಗೆ ಕಾಣುತ್ತೆ. ನನ್ನದು ದೂರದ ಬಣ್ಣ. ಎರಡೂ ಅದರದರ ಪಾಡಿಗೆ ಇದಾವೆ."

ಧನಪಾಲ್ ತಮ್ಮ ಬೂಟು ನೋಡಿಕೊಂಡು, ಒಂದನ್ನು ಇನ್ನೊಂದು ಕಾಲಿನ ಪ್ಯಾಂಟಿಗೆ ಒರೆಸಿದರು. ಪ್ರಯೋಜನವಾಗಲಿಲ್ಲ. "ಅದೆಲ್ಲ ಇರ್ಲಿ. ಎಲ್ಲರೂ ಕಪ್ಪು ತಗೊಂಡಿದಾರೆ. ನೀವೂ ಒಂದು ಜೊತೆ ತಗೊಳ್ಳೋಕೆ ಏನು ಕಷ್ಟ?"

ನನ್ನೊಳಗೆ ಅವಳ ಬೆರಳುಗಳು ಮಡಚಿಕೊಂಡವು, ಆಮೇಲೆ ನಿಧಾನವಾಗಿ ಬಿಚ್ಚಿಕೊಂಡವು.

"ಸರ್, ನನ್ನ ಎಡಗಾಲು ಮೂರೂವರೆ ಸೆಂಟಿಮೀಟರ್ ಗಿಡ್ಡ. ಅಂಗಡಿ ಶೂ ಹಾಕ್ಕೊಂಡು ಒಂಬತ್ತು ಗಂಟೆ ನಿಲ್ಲೋಕಾಗಲ್ಲ. ಇದನ್ನ ಅಳತೆ ತಗೊಂಡು ಮಾಡಿರೋದು. ಇದರಲ್ಲಿ ನಿಲ್ತೀನಿ. ಗೋಡೌನಿಗೆ ಹೋಗಲ್ಲ."

ಮೂವತ್ತಮೂರು ವರ್ಷದಲ್ಲಿ ಆ ಅಂಕಿಯನ್ನು ಅವಳು ಬಾಯಿಬಿಟ್ಟು ಯಾರಿಗಾದರೂ ಹೇಳಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಕಾಲದಲ್ಲಿ ಹೇಳಿರಲಿಲ್ಲ. ಚೂಪು ಬೂಟುಗಳು ಅರ್ಧ ಹೆಜ್ಜೆ ಹಿಂದೆ ಸರಿದವು.

"ಮೊದಲೇ ಹೇಳ್ಬಾರ್ದಾ ಇದನ್ನ?"

"ನೀವು ಕೇಳಿದ್ದು ಬಣ್ಣ ಮಾತ್ರ ಸರ್."

ಒಳಗಿನಿಂದ ಯಾರೋ ಗಿರಾಕಿ, "ಇಲ್ಲಿ ಯಾರಾದ್ರೂ ಇದೀರಾ?" ಎಂದು ಕೂಗಿದರು. ಧನಪಾಲ್ ಒಳಗಡೆ ಕೈ ತೋರಿಸಿ, "ಹೋಗಿ ನೋಡಿ," ಎಂದರು. ಅವಳು ಹೋದಳು. ಒಂಬತ್ತು ದಿನ ಕಳೆದು ಬಂದ ಆದೇಶದಲ್ಲಿ ಅವಳ ಹೆಸರಿನ ಮುಂದೆ 'ರೇಷ್ಮೆ ವಿಭಾಗ' ಎಂದಿತ್ತು.

ಇಷ್ಟಾದ ಮೇಲಾದರೂ ಬಣ್ಣದ ಮಾತು ನಿಂತಿತೇ? ನಿಲ್ಲಲಿಲ್ಲ. ಜೊತೆಯ ಹುಡುಗಿಯರು, "ಅಕ್ಕಾ, ಕಂದು ಒಳ್ಳೇದಾ, ಟ್ಯಾನ್ ಒಳ್ಳೇದಾ?" ಎಂದು ಊಟದ ಹೊತ್ತಿನಲ್ಲಿ ನನ್ನ ಮೂತಿ ಹಿಡಿದು ತಿರುಗಿಸುತ್ತಿದ್ದರು. ಈಶ್ವರಯ್ಯನವರು ಹಬ್ಬಕ್ಕೆ ಬಂದಾಗಲೆಲ್ಲ ಬಾಗಿಲ ಬಳಿ ನನ್ನನ್ನು ನೋಡಿ, "ಏನೇ ಹೇಳು, ಕಪ್ಪಿನ ಗತ್ತು ಇದಕ್ಕಿಲ್ಲ," ಎನ್ನುತ್ತಿದ್ದರು. ಒಂದು ವ್ಯತ್ಯಾಸ ಮಾತ್ರ ಆಗಿತ್ತು. ಗೌರಮ್ಮ ಒಮ್ಮೆ, "ಎಡಗಾಲಿಗೆ ಎತ್ತರ ಸಾಕಾಗುತ್ತಾ, ನೋವಿದೆಯಾ?" ಎಂದು ನೇರವಾಗಿ ಕೇಳಿದರು. ಅವತ್ತು ಅವರ ಬಿಳಿ ಬೂಟಿನ ಸಲಹೆಯನ್ನು ನಾನು ಮನ್ನಿಸಿದೆ.

ಈಗ ನಾನು ಮೂಡಲಗಿರಿಯಪ್ಪನವರ ಕೊಠಡಿಯ ಕಪಾಟಿನಲ್ಲಿದ್ದೇನೆ. ಹೊಸಬರಿಗೆ ಕೆಲಸ ಕಲಿಸಲು ಇಟ್ಟುಕೊಂಡಿದ್ದಾರೆ. ಗಂಗಾಂಬಿಕೆಗೆ ಕಳೆದ ವಾರ ಹೊಸ ಜೊತೆ ಸಿದ್ಧವಾಯಿತು. ಈ ಸಲ ಕಪಾಟಿನಲ್ಲಿ ಕಪ್ಪು ಚರ್ಮವೂ ಇತ್ತು, ಕಂದೂ ಇತ್ತು. ಅವಳು ಎರಡನ್ನೂ ಬಿಸಿಲಿಗೆ ಒಯ್ದು ಬಂದು ಕಂದನ್ನೇ ಮೇಜಿನ ಮೇಲಿಟ್ಟಳು.

ಇಲ್ಲಿ ಕೂತು ಲೆಕ್ಕ ಹಾಕಿದ್ದೇನೆ. ನನ್ನ ಬಣ್ಣದ ಬಗ್ಗೆ ಆಡಿದ ಮಾತುಗಳಲ್ಲಿ ಒಂದೂ ನನ್ನ ಮೇಲೆ ಗುರುತು ಬಿಟ್ಟಿಲ್ಲ. ಗುರುತು ಬಿಟ್ಟದ್ದು ಅವಳು ನಿಂತ ನಿಲುವು. ಮೊನ್ನೆ ಮೂಡಲಗಿರಿಯಪ್ಪನವರು ನನ್ನನ್ನು ಮಗುಚಿ, ಅಳತೆಪಟ್ಟಿ ಹಿಡಿದು, ಚೀಟಿಯ ಮೇಲೆ ಕೊನೆಯ ಸಾಲು ಬರೆದರು: ಹಿಮ್ಮಡಿಯ ಹೊರ ಅಂಚಿನ ಸವೆತ, ಒಂಬತ್ತು ಮಿಲಿಮೀಟರ್.