ತಾಂಬೂಲ ಕೊಟ್ಟ ಕೈ

"ಹಾಂ, ಅಲ್ಲೇ ನಿಲ್ಸು," ಎಂದರು ಕಾತ್ಯಾಯಿನಿ.

ಸೊಸೆ ಸಂಹಿತಾ ಮೌಸ್ ಒತ್ತಿದಳು. ಪರದೆಯ ಮೇಲೆ ಅವಳೇ, ಗೌರಿ ಹಬ್ಬದ ಹಸಿರು ರೇಷ್ಮೆ ಸೀರೆಯಲ್ಲಿ, ನಾರಾಯಣಮ್ಮನವರಿಗೆ ತಾಂಬೂಲ ಕೊಡುತ್ತಿದ್ದಳು. ಅದೂ ಎಡಗೈಯಲ್ಲಿ.

ಮದುವೆಯಾಗಿ ಯಡಿಯೂರಿನ ಈ ಮನೆಗೆ ಬಂದ ಐದು ತಿಂಗಳಲ್ಲಿ ಆ ಕೈಯ ಬಗ್ಗೆ ಅತ್ತೆ ಹೇಳದ ದಿನವಿರಲಿಲ್ಲ. ಹಬ್ಬದ ದಿನವಂತೂ ಅವಳು ಅದನ್ನು ಸೆರಗಿನಡಿ ಅಡಗಿಸಿಕೊಂಡೇ ಓಡಾಡಿದ್ದಳು. ಹತ್ತೊಂಬತ್ತು ಜನರಿಗೆ ಬಲಗೈಯಲ್ಲೇ ಕೊಟ್ಟು, ಇಪ್ಪತ್ತನೆಯವರ ಹೊತ್ತಿಗೆ ಎಡಗೈ ತನ್ನ ಬುದ್ಧಿ ತೋರಿಸಿಬಿಟ್ಟಿತ್ತು. ಗಡಿಬಿಡಿಯಲ್ಲಿ ಯಾರೂ ಗಮನಿಸಿರಲಿಲ್ಲ. ಗಂಡ ಸೀನು ಗೆಳೆಯನಿಂದ ತಂದಿದ್ದ ಹ್ಯಾಂಡಿಕ್ಯಾಮ್ ಮಾತ್ರ ಬಿಟ್ಟಿರಲಿಲ್ಲ.

"ಕಟ್ ಮಾಡ್ಬಿಡ್ಲಾ ಅತ್ತೆ?"

"ಕಟ್ ಮಾಡಿದ್ರೆ ದೊಡ್ಡಮ್ಮ ಎಲ್ಲಿರ್ತಾರೆ? ಅವರು ಬಂದಿರೋದೇ ಅದೊಂದ್ರಲ್ಲಿ."

ನಾರಾಯಣಮ್ಮ ಕಾತ್ಯಾಯಿನಿಯವರ ದೊಡ್ಡಮ್ಮ. ತಾಯಿಯಿಲ್ಲದ ಅವರನ್ನು ಸಾಕಿ ಬೆಳೆಸಿದವರು. ಎಂಬತ್ತು ದಾಟಿದರೂ ತಪ್ಪು ಹುಡುಕುವುದರಲ್ಲಿ ಮುಪ್ಪು ಬಂದಿರಲಿಲ್ಲ. ನಾಳೆ ಸೀನು ಅರೆಕೆರೆಗೆ ಹೋಗಿ ಅವರಿಗೇ ಈ ವಿಡಿಯೋದ ಸಿಡಿ ಕೊಡಬೇಕಿತ್ತು.

ಕಂಪ್ಯೂಟರ್ ಜೊತೆ ಪುಕ್ಕಟೆ ಬಂದಿದ್ದ ಸಾಫ್ಟ್‌ವೇರಿನಲ್ಲಿ ಇಪ್ಪತ್ತು ಮೂವತ್ತು ಎಫೆಕ್ಟುಗಳಿದ್ದವು. ಸಂಹಿತಾ ಮೊದಲು ಬ್ಲರ್ ಹಾಕಿದಳು. ಕೈಯೊಂದೇ ಅಲ್ಲ, ಇಡೀ ಗೌರಿಪೂಜೆಯೇ ಮಸುಕಾಯಿತು.

"ಬೇಡಮ್ಮ. ಆಪರೇಷನ್ ಮಾಡಿಸಿದ ಕಣ್ಣು ಕೆಟ್ಟೋಯ್ತು ಅಂತ ಡಾಕ್ಟರ್ ಹತ್ರ ಓಡ್ತಾರೆ."

ಆಮೇಲೆ 'ಮಿರರ್' ಎಂಬುದನ್ನು ಎಳೆದು ಹಾಕಿದಳು. ಕನ್ನಡಿಯಲ್ಲಿ ಕಂಡ ಹಾಗೆ ಚಿತ್ರ ಅದಲುಬದಲಾಯಿತು. ಸಂಹಿತಾ ಈಗ ಬಲಗೈಯಲ್ಲಿ ತಾಂಬೂಲ ಕೊಡುತ್ತಿದ್ದಳು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇನ್ನೆಷ್ಟು ವರ್ಷ ಹೀಗೆ ಅಡಗಿಸಿಡಬೇಕೋ ಎನಿಸಿತು.

"ಅಯ್ಯೋ, ಗಣೇಶನ ಸೊಂಡಿಲು ನೋಡೇ! ಬಲಮುರಿ ಆಗ್ಬಿಟ್ಟಿದ್ದಾನೆ," ಎಂದು ಕಾತ್ಯಾಯಿನಿ ನಕ್ಕರು. ಎಲ್ಲರ ಸೆರಗೂ ಬಲ ಹೆಗಲಿಗೇರಿತ್ತು. ದೊಡ್ಡಮ್ಮ ಎಡಗೈಯಲ್ಲಿ ಅಕ್ಷತೆ ಹಾಕಿ ಹರಸುತ್ತಿದ್ದರು. ಅವರ ಹಣೆಗೆ ಕುಂಕುಮ ಇಡುತ್ತಿದ್ದ ಕಾತ್ಯಾಯಿನಿಯವರದೂ ಎಡಗೈಯೇ.

ಅವರ ನಗು ನಿಂತಿತು. "ಇನ್ನೊಂದ್ಸಲ ಹಾಕು."

ಸಂಹಿತಾ ಹಾಕಿದಳು.

"ಇನ್ನೊಂದ್ಸಲ."

ಮೂರನೆಯ ಸಲ ಮುಗಿದಾಗ ಪರದೆಯಿಂದ ಕಣ್ಣು ಕೀಳದೆಯೇ ಹೇಳಿದರು. "ಒಂದನೇ ಕ್ಲಾಸಲ್ಲಿ ನಾನೂ ಎಡಗೈಲೇ ಬರೀತಿದ್ದೆ. ದೊಡ್ಡಮ್ಮ ರಿಬ್ಬನ್ ತಗೊಂಡು ಈ ಕೈನ ಲಂಗಕ್ಕೆ ಕಟ್ಟಿಬಿಡೋರು. ಬಲಗೈಲಿ ಬರೆಯೋದು ಬರೋವರೆಗೂ ಬಿಚ್ತಾನೇ ಇರ್ಲಿಲ್ಲ."

"ನೀವು ಯಾವತ್ತೂ ಹೇಳ್ಲೇ ಇಲ್ವಲ್ಲ ಅತ್ತೆ."

"ನಂಗೇ ಮರ್ತೋಗಿತ್ತು ಕಣೇ. ಆ ಮಿರರ್ ತೆಗಿ. ಇದ್ದ ಹಾಗೇ ಇರ್ಲಿ," ಎಂದರು.

"ದೊಡ್ಡಮ್ಮ ನೋಡಿದ್ರೆ?"

"ನೋಡ್ಲಿ."

ಅರ್ಧ ಗಂಟೆ ಗುರುಗುಟ್ಟಿ ಕಂಪ್ಯೂಟರ್ ಸಿಡಿಯನ್ನು ಹೊರಗೆ ಕೊಟ್ಟಿತು. ಅದಿನ್ನೂ ಬೆಚ್ಚಗಿತ್ತು. ಹೆಸರು ಬರೆಯಲು ಸಂಹಿತಾ ಮಾರ್ಕರ್ ತೆಗೆದುಕೊಂಡಳು.

"ಕೊಡಿಲ್ಲಿ." ಕಾತ್ಯಾಯಿನಿ ಬಲಗೈ ಚಾಚಿ ಮಾರ್ಕರ್ ಇಸಿದುಕೊಂಡರು, ಒಂದು ಗಳಿಗೆ ತಡೆದರು, ಆಮೇಲೆ ಅದನ್ನು ಎಡಗೈಗೆ ಬದಲಾಯಿಸಿಕೊಂಡರು. ನಾಲಿಗೆಯ ತುದಿ ಕಚ್ಚಿಕೊಂಡು, ಮೇಜಿನ ಮೇಲೆ ಬಾಗಿ, 'ದೊಡ್ಡಮ್ಮನಿಗೆ' ಎಂದು ಬರೆದರು. ಅಕ್ಷರಗಳು ಡೊಂಕಾಗಿ, ದಪ್ಪದಪ್ಪಗೆ, ಒಂದನೇ ಕ್ಲಾಸಿನ ಮಗು ಬರೆದ ಹಾಗಿದ್ದವು.

"ಇದು ಅಳಿಸೋಗತ್ತಾ?"

"ಇಲ್ಲ ಅತ್ತೆ, ಪರ್ಮನೆಂಟ್ ಮಾರ್ಕರ್."

ಕಾತ್ಯಾಯಿನಿ ಸಿಡಿಯನ್ನು ಬಾಯಿಯ ಹತ್ತಿರ ಹಿಡಿದು, ಶಾಯಿ ಒಣಗುವವರೆಗೂ ಮೆಲ್ಲಗೆ ಊದಿದರು.