ಮರಳಿನ ತಳದಲ್ಲಿ ನೀಲಿ ಅಂಗಿ

ಮೊರಿತೊಕು ಯಾರ ಬೆನ್ನ ಹಿಂದಿನಿಂದಲೂ ಬರುವುದಿಲ್ಲ. ಅಂಗಡಿಯ ಸರದಿಸಾಲಿನಲ್ಲಿ ಯಾರಾದರೊಬ್ಬರ ಹಿಂದೆ ನಿಲ್ಲಬೇಕಾಗಿ ಬಂದರೂ ಸುತ್ತುಹಾಕಿ ಎದುರಿಗೆ ಹೋಗಿ, ಮುಖ ತೋರಿಸಿ, ಆಮೇಲೆಯೇ ತನ್ನ ಜಾಗಕ್ಕೆ ಮರಳುತ್ತಾನೆ. ಎಪ್ಪತ್ತರ ಅಂಚಿನ ಈ ಮುದುಕ, ಹೆಜ್ಜೆಯ ಕೆಳಗೆ ಯಾರೋ ಮಲಗಿದ್ದಾರೇನೋ ಎಂಬ ದಾಕ್ಷಿಣ್ಯದಿಂದ ನಡೆಯುತ್ತಾನೆ. ಅವನ ಸೊಂಟಪಟ್ಟಿಗೆ ಹೆಂಗಸರ ನೀಲಿ ಹತ್ತಿ ಅಂಗಿಯೊಂದು ಸದಾ ಸಿಕ್ಕಿಸಿರುತ್ತದೆ. ಉಪ್ಪು ತಿಂದು ತಿಂದು ಅದರ ಬಣ್ಣವೇ ಹೋಗಿದೆ. ನಮ್ಮ ಕೆರಮಾ ದ್ವೀಪದಲ್ಲಿ ಅದನ್ನು ನೋಡಿ ಯಾರೂ ನಗುವುದಿಲ್ಲ.

ಹಿಂದೆ ಅವನು ಹೀಗಿರಲಿಲ್ಲ. ಅವನ ದೋಣಿ ಬಂದರು ಮುಟ್ಟುವ ಮೊದಲೇ ಅವನ ದನಿ ಬಂದು ಮುಟ್ಟುತ್ತಿತ್ತು. ಮದುವೆಮನೆಯಲ್ಲಿ ಅವನು ಹಾಡಲು ಎದ್ದನೆಂದರೆ ತಂತಿವಾದ್ಯದವರು ನುಡಿಸುವುದನ್ನೇ ಬಿಟ್ಟು ಕೂರುತ್ತಿದ್ದರು. ಸದ್ದಿಲ್ಲದೆ ಹಿಂದಿನಿಂದ ಬಂದು ಜನರನ್ನು ಬೆಚ್ಚಿಬೀಳಿಸುವುದು ಅವನ ಪರಮ ವಿನೋದ. ಬೈಸಿಕೊಂಡಷ್ಟೂ ಅವನಿಗೆ ಖುಷಿ.

ಹೆಂಡತಿ ಹಾತ್ಸು ತದ್ವಿರುದ್ಧ. ಗಾಳಿನಳಿಗೆ ಕಚ್ಚಿಕೊಂಡು ಗಂಡನ ಜೊತೆ ಸಮುದ್ರದಲ್ಲಿ ಮುಳುಗುಹಾಕಿದಾಗಲೆಲ್ಲ ಅವಳು ಹೋಗುತ್ತಿದ್ದುದು ಹವಳದ ದಿಬ್ಬದಾಚೆಯ ಮರಳಿನ ಇಳಿಜಾರಿಗೆ. ಅಲ್ಲಿ ಬೆರಳು ಗಾತ್ರದ ಹಾವುಮೀನುಗಳು ಅರ್ಧ ಮೈಯನ್ನು ಬಿಲದೊಳಗಿಟ್ಟು, ಇನ್ನರ್ಧವನ್ನು ಎಳೆಯ ಪೈರಿನಂತೆ ನೆಟ್ಟಗೆ ನಿಲ್ಲಿಸಿ, ಪ್ರವಾಹಕ್ಕೆ ಮುಖವೊಡ್ಡಿ, ತೇಲಿಬಂದ ಕಣಗಳನ್ನು ಹೆಕ್ಕುತ್ತಾ ಓಲಾಡುತ್ತವೆ. ಗಂಡು ಹೆಣ್ಣು ಕೂಡುವಾಗಲೂ ಅವು ಬಿಲ ಬಿಡುವುದಿಲ್ಲ. ನೆರೆಮನೆಗಳಿಂದಲೇ ಬಾಗಿ ಒಂದನ್ನೊಂದು ಸುತ್ತಿಕೊಳ್ಳುತ್ತವೆ. "ಸಂಸಾರ ಅಂದ್ರೆ ಇದು. ಮನೆ ಬಿಡಲ್ಲ, ಗಂಟಲು ಹರ್ಕೊಳ್ಳಲ್ಲ. ನೋಡಿ ಕಲ್ತ್ಕೋ," ಎಂದು ಹಾತ್ಸು ಗಂಡನನ್ನು ಚುಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಆ ಮರಳ ಮೇಲೆ ಮೈಮರೆತು ಬೋರಲಾಗಿದ್ದಾಗ, ಮೊರಿತೊಕು ಹಿಂದಿನಿಂದ ಈಜಿಬಂದು ತಮಾಷೆಗೆಂದು ಅವಳ ಕಾಲು ಹಿಡಿದೆಳೆದ. ಹಾವುಮೀನುಗಳೆಲ್ಲ ಒಮ್ಮೆಗೇ ಮಾಯ. ಬೆಚ್ಚಿದ ಹಾತ್ಸುವಿನ ಬಾಯಿಂದ ನಳಿಗೆ ಜಾರಿ, ಅವಳು ನೀರು ಕುಡಿದಳು. ದೋಣಿಗೆ ಎತ್ತಿ ಹಾಕಿದಾಗ ಉಸಿರೇನೋ ಮರಳಿತು, ಹಾತ್ಸು ಮರಳಲಿಲ್ಲ. ಅಂದಿನಿಂದ ಜಗಲಿಯ ಕಂಬಕ್ಕೊರಗಿ ಕೂರುತ್ತಾಳೆ. ಊಟವಿದೆ, ನಿದ್ದೆಯಿದೆ, ಮಾತಿಲ್ಲ. ಎಲ್ಲ ಸರಿಯಿದೆ ಎಂದು ವೈದ್ಯರು ಮನೆಗೆ ಕಳಿಸಿದರು. ನಮಗೆ ಗೊತ್ತಿತ್ತು, ಅವಳ ಮಬುಯಿ ಅಲ್ಲೇ ಬಿದ್ದುಹೋಗಿತ್ತು. ಬೆಚ್ಚಿದವರ ಜೀವ ಬೆಚ್ಚಿದ ಜಾಗದಲ್ಲೇ ಉಳಿದುಬಿಡುತ್ತದೆ. ಅವರ ಬಟ್ಟೆಯನ್ನು ಅಲ್ಲಿಗೊಯ್ದು, ಹೆಸರು ಹಿಡಿದು ಕರೆದು, ಬಟ್ಟೆಯಲ್ಲಿ ತಂದು ಮತ್ತೆ ಹೊದಿಸಬೇಕು.

ಮೊರಿತೊಕು ಎಡವಿದ್ದು ಇಲ್ಲಿಯೇ. ಅವಳ ನೀಲಿ ಅಂಗಿ ಹಿಡಿದು ಮುಳುಗಿದ, ಪದ್ಧತಿ ತಪ್ಪಬಾರದೆಂದು ಬಾಯಿಂದ ಗಾಳಿನಳಿಗೆಯನ್ನು ಕಿತ್ತು, "ಹಾತ್ಸೂ, ಬಾರೇ!" ಎಂದು ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದ. ಗುಳ್ಳೆಗಳ ಆ ಗದ್ದಲಕ್ಕೆ ಮೀನುಗಳೆಲ್ಲ ಬಿಲ ಸೇರಿದವು. ಅವುಗಳ ಜೊತೆಗೆ ಅವಳೂ ಒಳಗೆ ಹೋದಳೆಂದು ಅವನಿಗೆ ಅನ್ನಿಸಿತು. ಅಷ್ಟು ದೊಡ್ಡ ಗಂಡಸು ದಡಕ್ಕೆ ಬಂದು ಬಿಕ್ಕಿ ಬಿಕ್ಕಿ ಅತ್ತ.

ಅವನ ಅಕ್ಕ ಮಾಕಾತೊಗೆ ಅಳುವವರನ್ನು ಸಂತೈಸುವ ಅಭ್ಯಾಸವಿಲ್ಲ. "ಹೆದರ್ಸಿ ಬೀಳ್ಸಿದ್ದೂ ನೀನೇ, ಈಗ ಕೂಗಿ ಓಡ್ಸಿದ್ದೂ ನೀನೇ! ಬಾಯಿ ಮುಚ್ಕೊಂಡಿರೋಕೆ ಬರಲ್ವೇನೋ ನಿಂಗೆ?" ಎಂದಳು.

"ಕರೀದೆ ಹೆಂಗ್ ಬರ್ತಾಳೆ ಅಕ್ಕ?"

"ಆ ಮೀನುಗಳ್ನ ಯಾರೋ ಕರೀತಾರೆ? ಸುಮ್ನಿದ್ರೆ ತಾವೇ ಬರಲ್ವಾ?"

ಮೊರಿತೊಕು ಸುಮ್ಮನಿರುವುದನ್ನು ಕಲಿಯತೊಡಗಿದ್ದು ಆಗ. ಉಸಿರನ್ನು ನೂಲಿನಷ್ಟು ಸಣ್ಣಗೆ ಬಿಡಲು ಕಲಿತ. ಮರಳ ಮೇಲೆ ಅಂಗಿ ಹರಡಿ, ಹಾರದಂತೆ ಸತ್ತ ಹವಳದ ಚೂರುಗಳನ್ನಿಟ್ಟು, ಪಕ್ಕದಲ್ಲಿ ಕಲ್ಲಿನಂತೆ ಮಲಗುತ್ತಿದ್ದ. ಮೊದಮೊದಲು ದೂರದಲ್ಲಷ್ಟೇ ತಲೆಯೆತ್ತುತ್ತಿದ್ದ ಹಾವುಮೀನುಗಳು, ಕಾಲಕ್ರಮೇಣ ಅಂಗಿಯ ತೋಳಿನ ಅಂಚಿನಲ್ಲೇ ಎದ್ದು ನಿಂತು ಓಲಾಡತೊಡಗಿದವು. ಅವನು ಮನಸ್ಸಿನಲ್ಲೂ ಅವಳ ಹೆಸರೆತ್ತುತ್ತಿರಲಿಲ್ಲ. ಉಪ್ಪುನೀರು ಆರುವ ಮೊದಲೇ ಹೊದಿಸಬೇಕೆಂಬುದು ಅಕ್ಕನ ಕಟ್ಟಪ್ಪಣೆ. ಹಾಗಾಗಿ ಸಂಜೆ ಒದ್ದೆ ಅಂಗಿಯನ್ನೇ ಅವಳ ಹೆಗಲಿಗೆ ಹೊದಿಸಿ, ಜಗಲಿಯ ಇನ್ನೊಂದು ತುದಿಯಲ್ಲಿ, ಅವಳಿಗೆ ಕಾಣುವಂತೆ ಕೂರುತ್ತಿದ್ದ. ಚಂಡಮಾರುತಗಳು ಬಂದವು, ಹೋದವು. ಹಾತ್ಸು ಕಂಬ ಬಿಟ್ಟು ಅಲುಗಲಿಲ್ಲ.

ಕಳೆದ ಚಳಿಗಾಲದ ಒಂದು ಸಂಜೆ, ಅಂಗಿ ಹೊದಿಸಿ ಅವನು ತನ್ನ ಜಾಗದಲ್ಲಿ ಕುಳಿತ ಎಷ್ಟೋ ಹೊತ್ತಿಗೆ, ಹಾತ್ಸು ಅಂದಳು: "ತಣ್ಣಗಿದೆ."

ಅಡುಗೆಮನೆಯಲ್ಲಿ ಹಾಗಲಕಾಯಿ ಹೆಚ್ಚುತ್ತಿದ್ದ ಮಾಕಾತೊ ಚಾಕುವಿನ ಸಮೇತ ಬಾಗಿಲಿಗೆ ಓಡಿಬಂದಳು. ಮೊರಿತೊಕು ಅಂಗೈ ಎತ್ತಿ ಅವಳನ್ನು ಅಲ್ಲೇ ತಡೆದ. ಇಡೀ ದ್ವೀಪಕ್ಕೆ ಕೇಳುವಂತೆ ಕೂಗಬೇಕೆನ್ನಿಸಿತ್ತು ಅವನಿಗೆ. ಇನ್ನೊಂದು ಅಂಗೈಯಿಂದ ಬಾಯಿಯನ್ನು ಒತ್ತಿ ಹಿಡಿದು, ಕಣ್ಣೀರು ಒರೆಸಿಕೊಳ್ಳಲೂ ಕೈ ಆಡಿಸದೆ ಕುಳಿತ. ಎಂದಿನಂತೆ ಅಂಗಿ ಹೆಗಲಿನಿಂದ ಜಾರಿದಾಗ, ಹಾತ್ಸು ತಾನೇ ಅದನ್ನು ಎಳೆದುಕೊಂಡಳು.

ತಮ್ಮ ಸದ್ದಿನಿಂದಲೇ ಪ್ರೀತಿಪಾತ್ರರನ್ನು ಕಳೆದುಕೊಂಡವರ ಕುಲವೊಂದು ಲೋಕದಲ್ಲಿದೆ. ಬೇರೆಯವರು ಹಂಬಲವನ್ನು ಹಾಡಾಗಿಸಿಯೋ ಅಳುವಾಗಿಸಿಯೋ ಹಗುರಾಗುತ್ತಾರೆ. ಇವರಿಗೆ ಆ ಸೌಭಾಗ್ಯವೂ ಇಲ್ಲ. ನಾಳೆ ಸಮುದ್ರ ಶಾಂತವಾಗಿದ್ದರೆ ಇವರು ಮತ್ತೆ ಮುಳುಗುತ್ತಾರೆ. ಸಂಜೆ ಮೇಲೆ ಬಂದು, ಒಂದು ಒದ್ದೆ ಅಂಗಿಯನ್ನು ಆರದಂತೆ ಎದೆಗವಚಿಕೊಂಡು, ಬಾಯಿ ಬಿಡದೆ ಮನೆಯತ್ತ ನಡೆಯುತ್ತಾರೆ.